ಪ್ರಶಸ್ತಿಯ ಹೆಸರು, ಕಳಂಕದ ಹೆಸರು

ಗದಗ-ಬೆಟಗೇರಿ ಅವಳಿ ನಗರದಲ್ಲಿ ‘ಸೆಟ್ಲಮೆಂಟ್’ ಎಂಬ ಬಡಾವಣೆಯೊಂದಿದೆ. ಇದೇ ಹೆಸರಿನ ಬಡಾವಣೆ ಹುಬ್ಬಳ್ಳಿಯಲ್ಲೂ ಇದೆ. ಹೊಸಬರು ಕೇಳಿದರೆ, ಎಲ್ಲಿಂದಲೋ ಬಂದ ಜನ ನೆಲೆಸಿದ ಜಾಗ ಇರಬಹುದು ಎಂದಷ್ಟೇ ಅಂದುಕೊಳ್ಳುತ್ತಾರೆ. ಆದರೆ ಈ ಜಾಗಗಳ ಮೊದಲ ನಿವಾಸಿಗಳು ತಾವಾಗಿ ಬಂದು ನೆಲೆಸಿದವರಲ್ಲ. ಬ್ರಿಟಿಷ್ ಸರಕಾರ ಅವರನ್ನು ಹಿಡಿದು ತಂದು, ಬೇಲಿ ಹಾಕಿ, ದಿನವೂ ಹಾಜರಿ ಕರೆದು ಇಟ್ಟುಕೊಂಡಿತ್ತು. ಅವರು ಮಾಡಿದ್ದ ಅಪರಾಧವೆಂದರೆ ಒಂದು ಜಾತಿಯಲ್ಲಿ ಹುಟ್ಟಿದ್ದು. ಬೇಲಿ ಹೋಗಿ ಏಳು ದಶಕಗಳಾದವು, ಹೆಸರು ಮಾತ್ರ ಹಾಗೇ ಉಳಿದಿದೆ.

ಈ ಹೆಸರಿನ ಬಗ್ಗೆ ಮತ್ತೆ ಯೋಚಿಸುವಂತೆ ಮಾಡಿದ್ದು ಬಹುದೂರದ ಒಂದು ಸುದ್ದಿ. ಕೆಲವು ವರ್ಷಗಳಿಂದ ಪಶ್ಚಿಮ ದೇಶಗಳಲ್ಲಿ ಗಣ್ಯರ ಹೆಸರಿನ ಪ್ರಶಸ್ತಿಗಳು, ಸಭಾಂಗಣಗಳು, ಉಪನ್ಯಾಸಗಳು ಮರುಪರಿಶೀಲನೆಗೆ ಒಳಗಾಗುತ್ತಿವೆ. ಜನಾಂಗದ್ವೇಷ ಸಾರಿದವರ ಹೆಸರಿನಲ್ಲಿ ಗೌರವ ಕೊಡಬಹುದೇ ಎಂಬುದು ಅಲ್ಲಿನ ಪ್ರಶ್ನೆ. ಈ ಚರ್ಚೆ ಎಲ್ಲಕ್ಕಿಂತ ಬಿಸಿಯಾಗಿ ನಡೆದದ್ದು, ಯಾರೂ ನಿರೀಕ್ಷಿಸದ ಒಂದು ವಲಯದಲ್ಲಿ. ಅದು ವೈಜ್ಞಾನಿಕ ಕಥಾಸಾಹಿತ್ಯದ ವಲಯ.

ಡಬ್ಲಿನ್‌ನ ವೇದಿಕೆ

2019ರ ಆಗಸ್ಟಿನಲ್ಲಿ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನ ನಡೆಯಿತು. ಹೊಸ ಲೇಖಕರಿಗೆ ಮೀಸಲಾದ ಜಾನ್ ಡಬ್ಲ್ಯೂ. ಕ್ಯಾಂಪ್‌ಬೆಲ್ ಪ್ರಶಸ್ತಿ ಹಾಂಗ್‌ಕಾಂಗ್ ಮೂಲದ ಲೇಖಕಿ ಜೆನೆಟ್ ಇಂಗ್ ಅವರಿಗೆ ಬಂತು. ಪ್ರಶಸ್ತಿ ಪಡೆಯಲು ವೇದಿಕೆ ಏರಿದ ಆಕೆ, ಅದು ಯಾರ ಹೆಸರಿನಲ್ಲಿದೆಯೋ ಆ ವ್ಯಕ್ತಿಯನ್ನೇ ಫ್ಯಾಸಿಸ್ಟ್ ಎಂದು ಕರೆದರು. ಸಭೆಯಲ್ಲಿ ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ಮುಖ ಸಿಂಡರಿಸಿದರು. ಆದರೆ ಅದೇ ತಿಂಗಳು ಮುಗಿಯುವ ಮೊದಲೇ ಪ್ರಶಸ್ತಿಯ ಪ್ರಾಯೋಜಕರಾದ ‘ಅನಲಾಗ್’ ಪತ್ರಿಕೆಯವರು ಹೆಸರು ಬದಲಿಸುವುದಾಗಿ ಪ್ರಕಟಿಸಿದರು. ಅಂದಿನಿಂದ ಅದು ‘ಅಸ್ಟೌಂಡಿಂಗ್ ಪ್ರಶಸ್ತಿ’. ಮರುವರ್ಷ ಇಂಗ್ ಅವರ ಆ ಭಾಷಣಕ್ಕೇ ಹ್ಯೂಗೋ ಪ್ರಶಸ್ತಿ ಬಂತು.

ಕ್ಯಾಂಪ್‌ಬೆಲ್ (1910–1971) ಸಾಮಾನ್ಯ ವ್ಯಕ್ತಿಯಲ್ಲ. 1937ರ ಕೊನೆಯಿಂದ ಸಾಯುವವರೆಗೆ, ಮೂರು ದಶಕಗಳಿಗೂ ಹೆಚ್ಚು ಕಾಲ ಒಂದೇ ಪತ್ರಿಕೆಯ ಸಂಪಾದಕರಾಗಿದ್ದವರು. ‘ಅಸ್ಟೌಂಡಿಂಗ್’ ಎಂಬ ಹೆಸರಿನ ಆ ಪತ್ರಿಕೆಯೇ 1960ರಲ್ಲಿ ‘ಅನಲಾಗ್’ ಆಯಿತು. ಐಸಾಕ್ ಅಸಿಮೋವ್, ರಾಬರ್ಟ್ ಹೈನ್‌ಲೈನ್‌ರಂಥವರು ಬೆಳೆದದ್ದು ಆ ಪುಟಗಳಲ್ಲಿ. ಕನ್ನಡದ ಓದುಗರಿಗೂ ಪರಿಚಿತವಾದ ಅಸಿಮೋವ್‌ರ ರೋಬಾಟ್ ಕಥೆಗಳ ಹಿಂದೆ ಈ ಸಂಪಾದಕನ ಸಲಹೆಗಳಿದ್ದವು. ಆದರೆ ಇದೇ ವ್ಯಕ್ತಿ ತನ್ನ ಸಂಪಾದಕೀಯಗಳಲ್ಲಿ ಗುಲಾಮಗಿರಿಯ ಪರವಾಗಿ ವಾದ ಹೂಡಿದರು. ಕಪ್ಪು ಮತ್ತು ಬಿಳಿಯ ಮಕ್ಕಳನ್ನು ಬೇರೆ ಬೇರೆ ಶಾಲೆಗಳಲ್ಲಿ ಇಡುವುದನ್ನು ಸಮರ್ಥಿಸಿದರು. 1967ರಲ್ಲಿ ಕಪ್ಪು ಲೇಖಕ ಸ್ಯಾಮುಯೆಲ್ ಡಿಲೇನಿ ‘ನೋವಾ’ ಎಂಬ ಕಾದಂಬರಿಯನ್ನು ಧಾರಾವಾಹಿಗಾಗಿ ಕಳಿಸಿದಾಗ, ಕಪ್ಪು ನಾಯಕನನ್ನು ತಮ್ಮ ಓದುಗರು ಒಪ್ಪಲಾರರು ಎಂಬ ಕಾರಣ ಕೊಟ್ಟು ಕ್ಯಾಂಪ್‌ಬೆಲ್ ಹಿಂದಿರುಗಿಸಿದರೆಂದು ಡಿಲೇನಿಯವರೇ ಬರೆದಿದ್ದಾರೆ.

ನಕ್ಷತ್ರಲೋಕಗಳಿಗೆ ಹಾರುವ ಕಲ್ಪನೆಗೆ ತನ್ನ ಪಕ್ಕದ ಬೀದಿಯ ಮನುಷ್ಯ ಮನುಷ್ಯನಾಗಿ ಕಾಣಲಿಲ್ಲ.

ಇದಕ್ಕೆ ನಾಲ್ಕು ವರ್ಷ ಮೊದಲು ಇಂಥದೇ ಇನ್ನೊಂದು ಪ್ರಕರಣ ನಡೆದಿತ್ತು. ಭಯದ ಕಥೆಗಳಿಗೆ ಹೆಸರಾದ ಎಚ್.ಪಿ. ಲವ್‌ಕ್ರಾಫ್ಟ್ (1890–1937) ಅವರ ತಲೆಯ ಪ್ರತಿಮೆಯನ್ನು 1975ರಿಂದ ವಿಶ್ವ ಫ್ಯಾಂಟಸಿ ಪ್ರಶಸ್ತಿಯ ಫಲಕವಾಗಿ ಕೊಡಲಾಗುತ್ತಿತ್ತು. 2011ರಲ್ಲಿ ಅದನ್ನು ಪಡೆದವರು ನೈಜೀರಿಯಾ ಮೂಲದ ಅಮೆರಿಕನ್ ಲೇಖಕಿ ನೆಡಿ ಒಕೊರಾಫೋರ್. ಅನಂತರ ಆಕೆಯ ಕಣ್ಣಿಗೆ ಲವ್‌ಕ್ರಾಫ್ಟ್ 1912ರಲ್ಲಿ ಬರೆದ ಒಂದು ಪದ್ಯ ಬಿತ್ತು. ಕಪ್ಪು ಜನರನ್ನು ಮನುಷ್ಯರಿಗೂ ಮೃಗಗಳಿಗೂ ನಡುವಿನ ಜೀವಿಗಳೆಂದು ಹೀಗಳೆಯುವ ಪದ್ಯ ಅದು. ತನ್ನನ್ನು ಮನುಷ್ಯಳೆಂದೇ ಒಪ್ಪದವನ ತಲೆಯನ್ನು ತನ್ನ ಮನೆಯ ಕಪಾಟಿನಲ್ಲಿ ಗೌರವವೆಂದು ಇಟ್ಟುಕೊಳ್ಳುವುದು ಹೇಗೆ? ಆಕೆ ಈ ಇಕ್ಕಟ್ಟನ್ನು ಬಹಿರಂಗವಾಗಿ ಬರೆದರು. 2014ರಲ್ಲಿ ಲೇಖಕ ಡೇನಿಯಲ್ ಹೊಸೆ ಓಲ್ಡರ್ ಸಹಿ ಸಂಗ್ರಹಕ್ಕೆ ಮುಂದಾದರು. 2015ರ ನವೆಂಬರಿನಲ್ಲಿ ಆ ಪ್ರತಿಮೆಯನ್ನು ಕೈಬಿಡಲಾಯಿತು. ಈಗ ಅದರ ಜಾಗದಲ್ಲಿ ಚಂದ್ರನ ಮುಂದೆ ನಿಂತ ಒಂದು ಮರವಿದೆ.

ಇದನ್ನು ಉಗ್ರವಾಗಿ ವಿರೋಧಿಸಿ ತಮಗೆ ಬಂದಿದ್ದ ಪ್ರಶಸ್ತಿಗಳನ್ನು ಹಿಂದಿರುಗಿಸಿದವರು ಎಸ್.ಟಿ. ಜೋಶಿ. ಲವ್‌ಕ್ರಾಫ್ಟ್ ಸಾಹಿತ್ಯದ ದೊಡ್ಡ ವಿದ್ವಾಂಸರಾದ ಇವರು ಹುಟ್ಟಿದ್ದು ನಮ್ಮ ಪಕ್ಕದ ಪುಣೆಯಲ್ಲಿ. ಲವ್‌ಕ್ರಾಫ್ಟ್‌ನ ಜನಾಂಗದ್ವೇಷವನ್ನು ಜೋಶಿ ಮುಚ್ಚಿಟ್ಟವರಲ್ಲ. ಪ್ರತಿಮೆ ಸಲ್ಲುವುದು ಸಾಹಿತ್ಯಕ್ಕೇ ಹೊರತು ಅಭಿಪ್ರಾಯಗಳಿಗಲ್ಲ ಎಂಬುದು ಅವರ ನಿಲುವು. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದಕ್ಕೆ ಮುಂದೆ ಬರೋಣ.

ಇನ್ನೊಬ್ಬ ಕ್ಯಾಂಪ್‌ಬೆಲ್

ಗದಗ ಸೀಮೆಯ ಇತಿಹಾಸ ಓದುವವರಿಗೆ ಕ್ಯಾಂಪ್‌ಬೆಲ್ ಎಂದ ಕೂಡಲೇ ನೆನಪಾಗುವುದು ಬೇರೆಯೇ ವ್ಯಕ್ತಿ. ಆತ ಸರ್ ಜೇಮ್ಸ್ ಮ್ಯಾಕ್ನಾಬ್ ಕ್ಯಾಂಪ್‌ಬೆಲ್, ಮುಂಬಯಿ ಪ್ರಾಂತದ ಗೆಝೆಟಿಯರುಗಳ ಸಂಪಾದಕ. ಧಾರವಾಡ ಜಿಲ್ಲೆಯ ಸಂಪುಟ 1884ರಲ್ಲಿ ಬಂತು. ಗದಗ, ಬೆಟಗೇರಿ, ಮುಂಡರಗಿ, ಡಂಬಳಗಳ ಬಗ್ಗೆ ಇಂದಿಗೂ ಯಾರೇ ಬರೆಯಲಿ, ಆ ಸಂಪುಟವನ್ನು ತೆರೆಯದೆ ಬರೆಯಲಾರರು. ಮಳೆ, ಬೆಳೆ, ಹತ್ತಿಯ ವ್ಯಾಪಾರ, ಕೆರೆ, ಸಂತೆ, ಗುಡಿ, ಮಸೀದಿ, ಬರಗಾಲ ಎಲ್ಲದರ ಲೆಕ್ಕ ಅದರಲ್ಲಿದೆ. ಈ ಕ್ಯಾಂಪ್‌ಬೆಲ್ ನೆನಪಿಗೂ ಒಂದು ಪದಕ ಸ್ಥಾಪನೆಯಾಯಿತು. ಮುಂಬಯಿಯ ಏಷ್ಯಾಟಿಕ್ ಸೊಸೈಟಿ ಕೊಡುತ್ತ ಬಂದ ಆ ಚಿನ್ನದ ಪದಕ ಆರೆಲ್ ಸ್ಟೈನ್‌ನಂಥ ಸಂಶೋಧಕರಿಗೆ ಸಂದಿದೆ.

ಅಮೆರಿಕದ ಕ್ಯಾಂಪ್‌ಬೆಲ್‌ನನ್ನು ಅಳೆದ ಕೋಲಿನಿಂದಲೇ ಈತನನ್ನೂ ಅಳೆಯಬೇಕೆಂದು ನಾನು ಹೇಳುತ್ತಿಲ್ಲ. ಈತ ದ್ವೇಷದ ಸಂಪಾದಕೀಯ ಬರೆದವನಲ್ಲ. ಆದರೆ ಗೆಝೆಟಿಯರಿನ ಜನಜಾತಿಗಳ ಅಧ್ಯಾಯವನ್ನೊಮ್ಮೆ ತೆರೆದು ನೋಡಬೇಕು. ಒಂದೊಂದು ಜಾತಿಗೂ ಒಂದು ಪ್ಯಾರಾ. ಮೊದಲು ಮೈಬಣ್ಣ, ಮೈಕಟ್ಟು, ಆಮೇಲೆ ಮನೆ, ಊಟ, ಉಡುಪು, ಆಮೇಲೆ ಗುಣ. ಒಂದು ಜಾತಿ ದುಡಿಮೆಗಾರ, ಇನ್ನೊಂದು ಸೋಮಾರಿ. ಒಂದು ಚೊಕ್ಕಟ, ಇನ್ನೊಂದು ಕೊಳಕು. ಒಂದು ನಂಬಿಗಸ್ತ, ಇನ್ನೊಂದು ಕಳ್ಳ. ದನದ ಸಂತೆಯಲ್ಲಿ ತಳಿಗಳ ಗುಣ ಹೇಳುವಂತೆ ಮನುಷ್ಯರ ಗುಣ ಹೇಳಿದ್ದಾರೆ. ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಈ ಮಾಹಿತಿಯನ್ನು ಬಿಳಿಯ ಅಧಿಕಾರಿ ಊರೂರು ಅಲೆದು ಕೂಡಿಸಲಿಲ್ಲ. ಬಹುಪಾಲು ಒದಗಿಸಿದವರು ಇಲ್ಲಿಯ ವಿದ್ಯಾವಂತ ಮೇಲ್ವರ್ಗದ ನೌಕರರು. ಕೆಳಗಿನವರ ಬಗ್ಗೆ ಅವರಲ್ಲಿದ್ದ ತಾತ್ಸಾರವೂ ಸರಕಾರಿ ಮುದ್ರೆ ಒತ್ತಿಸಿಕೊಂಡು ‘ವಿಜ್ಞಾನ’ವಾಯಿತು.

ಗುಣ ರಕ್ತದಲ್ಲಿ ಬರುತ್ತದೆಂದು ಒಪ್ಪಿದ ಮೇಲೆ ಅಪರಾಧವೂ ರಕ್ತದಲ್ಲಿ ಬರಬೇಕು. 1871ರಲ್ಲಿ ಮೊದಲು ಉತ್ತರ ಭಾರತದಲ್ಲಿ ಜಾರಿಗೆ ಬಂದ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ನಿಂತದ್ದು ಈ ನಂಬಿಕೆಯ ಮೇಲೆ. 1911ರ ಹೊಸ ಕಾಯಿದೆ ಅದನ್ನು ಮುಂಬಯಿ, ಮದ್ರಾಸು ಪ್ರಾಂತಗಳಿಗೂ ತಂದಿತು. ಒಂದು ಸಮುದಾಯವನ್ನು ಅಪರಾಧಿ ಬುಡಕಟ್ಟು ಎಂದು ಸರಕಾರ ಘೋಷಿಸಿದರೆ ಸಾಕು, ಅದರ ಸದಸ್ಯರ ಹೆಸರು ನೋಂದಾಯಿಸಿ ಬೆರಳಚ್ಚು ತೆಗೆಯಬಹುದಿತ್ತು. ಪಾಸು ಇಲ್ಲದೆ ಅವರು ಊರು ಬಿಡುವಂತಿರಲಿಲ್ಲ. ಅವರನ್ನು ಸೆಟ್ಲಮೆಂಟಿನಲ್ಲಿ ಕೂಡಿಹಾಕಬಹುದಿತ್ತು; ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಿ ಬೇರೆ ಶಾಲೆಯಲ್ಲಿ ಇಡಬಹುದಿತ್ತು.

ಬೆರಳಚ್ಚಿನ ಮಾತು ಬಂದಾಗ ಇನ್ನೊಂದು ಹೆಸರು ನೆನಪಾಗುತ್ತದೆ. ಬೆರಳಚ್ಚನ್ನು ವಿಜ್ಞಾನದ ಮಟ್ಟಕ್ಕೆ ಏರಿಸಿದವರಲ್ಲಿ ಒಬ್ಬ ಫ್ರಾನ್ಸಿಸ್ ಗಾಲ್ಟನ್. ಒಳ್ಳೆಯ ತಳಿಯ ಮನುಷ್ಯರನ್ನು ಹೆಚ್ಚಿಸಿ ಕೀಳು ತಳಿಯವರನ್ನು ಕಡಿಮೆ ಮಾಡಬೇಕೆಂಬ ಸುಪ್ರಜನನ ವಾದವನ್ನು ಹುಟ್ಟುಹಾಕಿದವನೂ ಆತನೇ. ಲಂಡನ್ನಿನ ಯೂನಿವರ್ಸಿಟಿ ಕಾಲೇಜು ತನ್ನ ಸಭಾಂಗಣಕ್ಕೆ ಇಟ್ಟಿದ್ದ ಆತನ ಹೆಸರನ್ನು 2020ರಲ್ಲಿ ತೆಗೆದುಹಾಕಿತು. ಹೀಗೆ ನೋಡಿದರೆ ಲಂಡನ್ನಿನ ಸಭಾಂಗಣಕ್ಕೂ ಬೆಟಗೇರಿಯ ಸೆಟ್ಲಮೆಂಟಿಗೂ ನಡುವೆ ದಾರಿ ದೂರವಿಲ್ಲ. ಅಲ್ಲಿ ಸಿದ್ಧಾಂತವನ್ನು ಸನ್ಮಾನಿಸಲಾಯಿತು, ಇಲ್ಲಿ ಅದನ್ನು ಜನರ ಮೇಲೆ ಹೇರಲಾಯಿತು.

ಬೇಲಿಯೊಳಗಿನವರು

ಮುಂಬಯಿ ಪ್ರಾಂತದ ಸೆಟ್ಲಮೆಂಟುಗಳನ್ನು ಕಟ್ಟಿದ ಅಧಿಕಾರಿ ಓ.ಎಚ್.ಬಿ. ಸ್ಟಾರ್ಟ್. ವಿಜಾಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ಅವು ಎದ್ದವು. ಹುಬ್ಬಳ್ಳಿಯಲ್ಲಿ ಒಳಗಿನವರನ್ನು ನೂಲಿನ ಗಿರಣಿಯ ಕೆಲಸಕ್ಕೆ ಹಚ್ಚಲಾಯಿತು. ಊರೂರು ತಿರುಗಿ ಬುಟ್ಟಿ ಹೆಣೆಯುತ್ತ, ಉಪ್ಪು ಧಾನ್ಯ ಸಾಗಿಸುತ್ತ, ಬೇಟೆಯಾಡುತ್ತ ಬದುಕಿದ್ದವರ ಹೊಟ್ಟೆಪಾಡನ್ನು ಮೊದಲು ರೈಲು ಮತ್ತು ಅರಣ್ಯ ಕಾನೂನುಗಳು ಕಿತ್ತುಕೊಂಡಿದ್ದವು. ಆಮೇಲೆ ಕಾಯಿದೆ ಬಂದು ಅವರನ್ನೇ ಕಳ್ಳರೆಂದಿತು.

ಸ್ಟಾರ್ಟ್‌ನನ್ನೂ ಒಂದೇ ಬಣ್ಣದಲ್ಲಿ ಬರೆಯಲಾಗದು. 1928ರಲ್ಲಿ ಮುಂಬಯಿ ಸರಕಾರ ಅಸ್ಪೃಶ್ಯರ ಮತ್ತು ಆದಿವಾಸಿಗಳ ಸ್ಥಿತಿಗತಿ ತಿಳಿಯಲು ನೇಮಿಸಿದ ಸಮಿತಿಗೆ ಆತ ಅಧ್ಯಕ್ಷನಾಗಿದ್ದ. ಬಾಬಾಸಾಹೇಬ ಅಂಬೇಡ್ಕರರು ಅದರ ಸದಸ್ಯರು. 1930ರ ಆ ವರದಿ ದಲಿತರ ವಿದ್ಯಾಭ್ಯಾಸ, ನೌಕರಿಗಳ ಪರವಾಗಿ ಮಾತಾಡಿತು. ಒಬ್ಬನೇ ಮನುಷ್ಯ ಒಂದು ಕೈಯಲ್ಲಿ ಬೇಲಿ ಕಟ್ಟುತ್ತಾನೆ, ಇನ್ನೊಂದು ಕೈಯಲ್ಲಿ ಶಾಲೆಯ ಬಾಗಿಲು ತೆಗೆಯಲು ಶಿಫಾರಸು ಮಾಡುತ್ತಾನೆ. ಇತಿಹಾಸ ಬರೆಯುವವರು ಎರಡನ್ನೂ ಬರೆಯಬೇಕು.

ಮುಸ್ಲಿಂ ಓದುಗರು ಇಲ್ಲಿ ನಿಂತು ನೋಡಬೇಕಾದ ಹೆಸರೊಂದಿದೆ: ಛಪ್ಪರಬಂದರು. ಚಪ್ಪರ ಕಟ್ಟುವವರು ಎಂಬ ಅರ್ಥದ ಈ ಹೆಸರಿನ ಮುಸ್ಲಿಂ ಸಮುದಾಯದವರು ವಿಜಾಪುರ ಭಾಗದಲ್ಲಿ ಹೆಚ್ಚಾಗಿದ್ದಾರೆ. ಖೋಟಾ ನಾಣ್ಯ ಮಾಡುವವರೆಂದು ಹೇಳಿ ಇಡೀ ಸಮುದಾಯವನ್ನೇ ಅಪರಾಧಿ ಬುಡಕಟ್ಟುಗಳ ಪಟ್ಟಿಗೆ ಸೇರಿಸಲಾಯಿತು. ಅಂದರೆ ಹುಟ್ಟಿನಿಂದಲೇ ಅಪರಾಧಿ ಎಂಬ ಮುದ್ರೆ ಹಿಂದೂ ಜಾತಿಗಳ ಮೇಲೆ ಮಾತ್ರ ಬೀಳಲಿಲ್ಲ. ‘ಈ ಜನ ಇಂಥವರೇ’ ಎಂಬ ಮಾತನ್ನು ಇಂದು ಕೇಳಿಸಿಕೊಳ್ಳುತ್ತಿರುವ ನಮಗೆ, ಆ ಮಾತು ಮೊದಲು ಕಾಯಿದೆಯಾಗಿ ಯಾರ ಮೇಲೆ ಬಿದ್ದಿತ್ತೆಂಬುದು ಗೊತ್ತಿರಬೇಕು.

1952ರ ಆಗಸ್ಟ್ 31ರಂದು ಕಾಯಿದೆ ದೇಶದಾದ್ಯಂತ ರದ್ದಾಯಿತು. ವಿಮುಕ್ತ ಸಮುದಾಯಗಳು ಆ ದಿನವನ್ನು ವಿಮುಕ್ತ ದಿನವೆಂದು ಆಚರಿಸುತ್ತವೆ. ಆದರೆ ‘ರೂಢಿಗತ ಅಪರಾಧಿ’ ಎಂಬ ಇನ್ನೊಂದು ಹೆಸರಿನಲ್ಲಿ ಹಳೆಯ ಸಂಶಯ ಮುಂದುವರಿಯಿತು. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ಜೈಲು ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನೂ ವಿಮುಕ್ತ ಬುಡಕಟ್ಟುಗಳನ್ನು ಹುಟ್ಟಾ ಅಪರಾಧಿಗಳಂತೆ ಕಾಣುವ ನಿಯಮಗಳನ್ನೂ ತೆಗೆದುಹಾಕಲು ಹೇಳಬೇಕಾಯಿತು. ಕಾಯಿದೆ ರದ್ದಾಗಿ 72 ವರ್ಷಗಳ ಮೇಲೆ!

ಹೆಸರುಗಳ ಮಾತೂ ಅಷ್ಟೇ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ‘ಗಂಟಿಚೋರ’ ಎಂಬ ಒಂದು ಸಮುದಾಯವಿದೆ. ಗಂಟು ಕದಿಯುವವನು ಎಂದು ಅದರ ಅರ್ಥ. ಇದು ಆ ಜನ ತಮಗೆ ತಾವೇ ಇಟ್ಟುಕೊಂಡ ಹೆಸರಾಗಿರಲಾರದು. ಮಗುವನ್ನು ಶಾಲೆಗೆ ಸೇರಿಸುವಾಗ, ಜಾತಿ ಪ್ರಮಾಣಪತ್ರ ತರುವಾಗ, ನೌಕರಿಗೆ ಅರ್ಜಿ ಹಾಕುವಾಗ ತಂದೆಯಾದವನು ‘ನಾವು ಕಳ್ಳರು’ ಎಂದು ಬರೆದುಕೊಡಬೇಕು. ಬರೆಯದಿದ್ದರೆ ಸಿಗಬೇಕಾದ ಹಕ್ಕು ಸಿಗುವುದಿಲ್ಲ. ಒಕೊರಾಫೋರ್ ಮುಂದಿದ್ದ ಇಕ್ಕಟ್ಟು ಒಂದು ಕಪಾಟಿನದು. ಈ ತಂದೆಯ ಇಕ್ಕಟ್ಟು ಮಗುವಿನ ಇಡೀ ಬದುಕಿನದು.

ಇತಿಹಾಸ ಅಳಿಸಿಹೋಗುತ್ತದೆಯೆ?

ಹೆಸರು ತೆಗೆಯುವುದೆಂದರೆ ಇತಿಹಾಸ ಅಳಿಸುವುದು ಎಂಬ ಆಕ್ಷೇಪ ಸಾಮಾನ್ಯವಾಗಿ ಕೇಳಿಬರುತ್ತದೆ. ಜೋಶಿಯವರ ವಾದದ ತಿರುಳೂ ಹೆಚ್ಚುಕಡಿಮೆ ಇದೇ. ಇಲ್ಲಿ ಎರಡು ವಿಷಯಗಳನ್ನು ಬೇರ್ಪಡಿಸಿಕೊಳ್ಳಬೇಕು. ಪುಸ್ತಕ ಬೇರೆ, ಪ್ರಶಸ್ತಿ ಬೇರೆ. ಪುಸ್ತಕ ಆದದ್ದನ್ನು ಹೇಳುತ್ತದೆ. ಪ್ರಶಸ್ತಿ ಇಂದು ಕೊಡುವವರು ಇಂದು ಪಡೆಯುವವರಿಗೆ ಆಡುವ ಮಾತು: ‘ಇವರಂತೆ ಆಗು’ ಎಂಬ ಮಾತು. ಲವ್‌ಕ್ರಾಫ್ಟ್ ಕಥೆಗಳನ್ನು ಯಾರೂ ಸುಟ್ಟಿಲ್ಲ, ಅವು ಅಂಗಡಿಯಲ್ಲಿವೆ. ಕ್ಯಾಂಪ್‌ಬೆಲ್ ಬೆಳೆಸಿದ ಪತ್ರಿಕೆ ನಡೆಯುತ್ತಿದೆ, ಅದರ ಹಳೆಯ ಹೆಸರೇ ಪ್ರಶಸ್ತಿಗೆ ಬಂದಿದೆ. ಹಾಗೆ ನೋಡಿದರೆ ಆತನ ಸಂಪಾದಕೀಯಗಳು ಮತ್ತೆ ಓದಿಗೆ ಬಂದದ್ದೇ ಈ ಚರ್ಚೆಯಿಂದ. ಇತಿಹಾಸ ಕಡಿಮೆಯಾಗಲಿಲ್ಲ, ಹೆಚ್ಚಾಯಿತು.

ನಮ್ಮಲ್ಲೂ ಹೀಗೆಯೇ. ಲಕ್ಷ್ಮೇಶ್ವರದ ಶಾಸನಗಳನ್ನು ಓದಿ ಪ್ರಕಟಿಸಿದವರಲ್ಲಿ ಜಾನ್ ಫೇತ್‌ಫುಲ್ ಫ್ಲೀಟ್ ಮುಖ್ಯರು. ಪುಲಿಗೆರೆಯ ಪ್ರಾಚೀನ ಚರಿತ್ರೆ ಅವರಿಗೆ ಋಣಿ. ಅದೇ ಫ್ಲೀಟ್ ಸಂಗೊಳ್ಳಿ ರಾಯಣ್ಣನ, ಹಲಗಲಿ ಬೇಡರ ಲಾವಣಿಗಳನ್ನು ಸಂಗ್ರಹಿಸಿ ಅಚ್ಚು ಮಾಡಿಸಿದರು. ತಮ್ಮ ಸರಕಾರವನ್ನು ಎದುರಿಸಿದವರ ಹಾಡುಗಳನ್ನು ಸರಕಾರದ ಅಧಿಕಾರಿಯೇ ಉಳಿಸಿದ! ಆ ಕೆಲಸವನ್ನು ಬಳಸಿಕೊಳ್ಳೋಣ, ಆತನ ಹೆಸರು ಹೇಳೋಣ. ಧಾರವಾಡದ ಗೆಝೆಟಿಯರನ್ನೂ ಓದೋಣ, ಅದರ ಜಾತಿ ಪ್ಯಾರಾಗಳನ್ನಂತೂ ಮರೆಯದೆ ಓದೋಣ. ನಾವು ಏನಾಗಿ ಕಾಣಿಸಿದ್ದೆವು ಎಂಬುದು ಅದರಲ್ಲಿದೆ.

‘ಆ ಕಾಲವೇ ಹಾಗಿತ್ತು’ ಎಂಬುದು ಇನ್ನೊಂದು ಸಮಾಧಾನ. ಕಾಲ ಎಂದೂ ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಕ್ಯಾಂಪ್‌ಬೆಲ್ ಆ ಸಂಪಾದಕೀಯಗಳನ್ನು ಬರೆದದ್ದು ಮಾರ್ಟಿನ್ ಲೂಥರ್ ಕಿಂಗ್ ಬೀದಿಗಿಳಿದಿದ್ದ ದಿನಗಳಲ್ಲಿ. ಮುಂಬಯಿ ಪ್ರಾಂತದ ಗೆಝೆಟಿಯರ್ ಅಚ್ಚಾಗುತ್ತಿದ್ದಾಗ ಅದೇ ಪ್ರಾಂತದಲ್ಲಿ ಜೋತಿಬಾ ಫುಲೆ ಬದುಕಿದ್ದರು, ಬರೆಯುತ್ತಿದ್ದರು. ಬೇರೆ ರೀತಿ ಯೋಚಿಸಲು ಸಾಧ್ಯವಿತ್ತು.

ಹೆಸರುಗಳ ಮರುಪರಿಶೀಲನೆ ನಮಗೆ ಹೊಸದೂ ಅಲ್ಲ. 1858ರ ಮೇ ತಿಂಗಳಲ್ಲಿ ಡಂಬಳದ ಖಜಾನೆಗೆ ಕೈಹಾಕಿ, ಕೊಪ್ಪಳದ ಕೋಟೆಯಲ್ಲಿ ಹೋರಾಡುತ್ತ ಮಡಿದ ಮುಂಡರಗಿ ಭೀಮರಾಯ ಸರಕಾರದ ಕಡತಗಳಲ್ಲಿ ಬಂಡುಕೋರ. ಇಂದು ಆತನನ್ನು ನಾವು ಸ್ವಾತಂತ್ರ್ಯ ವೀರ ಎನ್ನುತ್ತೇವೆ. ಗದಗ ಜಿಲ್ಲೆ ಸೇರಿದ ಮುಂಬಯಿ ಕರ್ನಾಟಕಕ್ಕೆ 2021ರಲ್ಲಿ ಕಿತ್ತೂರು ಕರ್ನಾಟಕ ಎಂದು ಹೆಸರಾಯಿತು. ಇವನ್ನೆಲ್ಲ ಒಪ್ಪಿದವರು ‘ಸೆಟ್ಲಮೆಂಟ್’, ‘ಗಂಟಿಚೋರ’ ಎಂಬಲ್ಲಿಗೆ ಬಂದಾಗ ಮಾತ್ರ ಹೆಸರಿನಲ್ಲೇನಿದೆ ಎಂದರೆ ಸರಿಯಾಗದು.

ತಕ್ಕಡಿ ಒಂದೇ ಇರಲಿ

ಈ ಕೋಲನ್ನು ಬೇರೆಯವರನ್ನು ಅಳೆಯಲು ಹಿಡಿದವರು ತಮ್ಮನ್ನೂ ಅಳೆದುಕೊಳ್ಳಬೇಕು. 2018ರಲ್ಲಿ ಆಫ್ರಿಕಾದ ಘಾನಾ ವಿಶ್ವವಿದ್ಯಾಲಯ ತನ್ನ ಆವರಣದಲ್ಲಿದ್ದ ಗಾಂಧೀಜಿಯ ಪ್ರತಿಮೆಯನ್ನು ತೆಗೆಸಿತು. ದಕ್ಷಿಣ ಆಫ್ರಿಕಾದ ಆರಂಭದ ವರ್ಷಗಳಲ್ಲಿ ಗಾಂಧಿ ಅಲ್ಲಿನ ಕಪ್ಪು ಜನರ ಬಗ್ಗೆ ಬರೆದ ಕೀಳು ಮಾತುಗಳು ಅದಕ್ಕೆ ಕಾರಣ. ನಮಗೆ ನೋವಾಯಿತು. ಗಾಂಧಿ ಅಲ್ಲಿಗೇ ನಿಲ್ಲಲಿಲ್ಲ, ಬಹುದೂರ ನಡೆದರು ಎಂಬುದು ನಿಜ. ಆದರೆ ಆ ಮಾತು ಯಾರ ಅಜ್ಜನಿಗೆ ತಾಗಿತ್ತೋ ಅವರ ಅಂಗಳದಲ್ಲಿ ನಿರ್ಧಾರ ಅವರದು.

ಮುಸ್ಲಿಮರೂ ಈ ಪ್ರಶ್ನೆಯಿಂದ ಹೊರಗಿಲ್ಲ. ದಿಲ್ಲಿ ಸುಲ್ತಾನರ ಕಾಲದ ಚರಿತ್ರೆಕಾರ ಜಿಯಾವುದ್ದೀನ್ ಬರನಿಯನ್ನು ನಾವು ಗೌರವದಿಂದ ಉಲ್ಲೇಖಿಸುತ್ತೇವೆ. ಕೀಳು ಕುಲದವರಿಗೆ ವಿದ್ಯೆ ಕೊಡಬಾರದು, ಅಧಿಕಾರ ಕೊಡಬಾರದು ಎಂದು ವಾದಿಸಿದವನೂ ಆತನೇ. ಅರಬನಿಗೆ ಅರಬನಲ್ಲದವನ ಮೇಲೆ, ಬಿಳಿಯನಿಗೆ ಕರಿಯನ ಮೇಲೆ ಮೇಲುಗಾರಿಕೆಯಿಲ್ಲವೆಂಬ ಪ್ರವಾದಿಯವರ ಮಾತನ್ನು ಖುತ್ಬಾಗಳಲ್ಲಿ ಕೇಳುತ್ತ ಬಂದವರು ನಾವು. ಹೀಗಿದ್ದೂ ಪಿಂಜಾರ, ನದಾಫ, ಛಪ್ಪರಬಂದ ಎಂಬ ಹೆಸರುಗಳು ಮದುವೆಯ ಮಾತುಕತೆಯಲ್ಲಿ ಬಂದಾಗ ದನಿ ಬದಲಾಗುವುದನ್ನು ಅಲ್ಲಗಳೆಯಲಾಗದು.

ಹೆಸರು ಬದಲಿಸುವುದೆಲ್ಲ ನ್ಯಾಯವೂ ಅಲ್ಲ. 2022ರಲ್ಲಿ ಟಿಪ್ಪು ಎಕ್ಸ್‌ಪ್ರೆಸ್ ರೈಲು ಒಡೆಯರ್ ಎಕ್ಸ್‌ಪ್ರೆಸ್ ಆಯಿತು. ಟಿಪ್ಪುವಿನ ಬಗ್ಗೆ ಕೊಡವರಿಗೆ, ಮೇಲುಕೋಟೆಯ ಅಯ್ಯಂಗಾರರಿಗೆ ಇರುವ ನೋವಿನ ನೆನಪನ್ನು ಮುಸ್ಲಿಮರು ಕಿವಿಗೊಟ್ಟು ಕೇಳಬೇಕು. ಅದನ್ನು ಸುಳ್ಳೆಂದು ತಳ್ಳಿದರೆ ಈ ಲೇಖನಕ್ಕೆ ಅರ್ಥವಿಲ್ಲ. ಆದರೆ ನೊಂದವರ ಮಾತು ಕೇಳಿ, ವಾದ-ಪ್ರತಿವಾದ ನಡೆಸಿ ಹೆಸರು ತೆಗೆಯುವುದು ಒಂದು. ಇಂದು ಬದುಕಿರುವ ಒಂದು ಸಮುದಾಯಕ್ಕೆ ‘ನಿಮ್ಮದೇನೂ ಇಲ್ಲಿಲ್ಲ’ ಎಂದು ತಿಳಿಸಲು ತೆಗೆಯುವುದು ಇನ್ನೊಂದು. ಹೆಸರು ಹೋದ ಮೇಲೆ ಯಾರ ತಲೆ ಎತ್ತಿತು, ಯಾರ ತಲೆ ತಗ್ಗಿತು ಎಂದು ನೋಡಿದರೆ ಎರಡರ ವ್ಯತ್ಯಾಸ ತಿಳಿಯುತ್ತದೆ.

ಒಳ್ಳೆಯ ಹೆಸರು ಹೇಗಿರುತ್ತದೆಂಬುದಕ್ಕೆ ನಾವು ಡಬ್ಲಿನ್‌ಗೆ ಹೋಗಬೇಕಿಲ್ಲ. ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠವಿದೆ. ಫಕೀರ ಎಂಬ ಮುಸ್ಲಿಂ ಸಂತರ ಪದ ಅಲ್ಲಿನ ಸ್ವಾಮಿಗಳ ಹೆಸರಿನ ಮೊದಲ ಪದವಾಗಿದೆ. ದ್ವೇಷ ಬಿಡು, ಪ್ರೀತಿ ಮಾಡು ಎಂಬುದು ಆ ಮಠದ ಸಂದೇಶ. ಏನೂ ಇಲ್ಲದವನು ಎಂಬ ಅರ್ಥದ ಪದವನ್ನು ಈ ಸೀಮೆಯ ಜನ ತಲೆಯ ಮೇಲಿಟ್ಟುಕೊಂಡರು. ಹಿಂದೂಗಳೂ ಮುಸ್ಲಿಮರೂ ಅದರ ಮುಂದೆ ಬಾಗಿದರು.

ಅದೇ ಸೀಮೆಯ ಬೆಟಗೇರಿಯಲ್ಲಿ ಬೇಲಿಯ ಹೆಸರು ಇನ್ನೂ ಉಳಿದಿದೆ. ಅದನ್ನು ಬದಲಿಸಬೇಕೋ, ಬೇಡವೋ, ಬದಲಿಸಿದರೆ ಏನಿಡಬೇಕೋ ಎಂಬುದನ್ನು ಹೊರಗಿನವರಾದ ನಾವು ಹೇಳಲಾಗದು. ಕೆಲವರು ಆ ಹೆಸರನ್ನು ನೆನಪಿಗಾಗಿ ಇಟ್ಟುಕೊಳ್ಳಲೂ ಬಯಸಬಹುದು. ಆದರೆ ಅವರನ್ನು ಕೇಳಬೇಕು. ಅಲ್ಲಿಯ ಮಕ್ಕಳ ಪಾಠಪುಸ್ತಕದಲ್ಲಿ ಆ ಬೇಲಿಯ ಕಥೆ ಇರಬೇಕು. ಅವರ ಪ್ರಮಾಣಪತ್ರದಲ್ಲಿ ಕಳ್ಳ ಎಂಬ ಪದ ಇರಬಾರದು.